ಗುರ್ಸ್ಕಿ ದೇಶದ ಪರ ಒಂದೇ ಪಂದ್ಯ ಆಡಿದ್ದೇಕೆ?

ಓದುಗರ ಪ್ರಶ್ನೆ: 1974ರ ಫುಟ್‌ಬಾಲ್ ವಿಶ್ವಕಪ್‌ನಲ್ಲಿ ಪೋಲೆಂಡನ್ನು ಮೂರನೇ ಸ್ಥಾನಕ್ಕೆ ತಂದ ಕೋಚ್ ಕಾಜಿಮೆಷ್ ಗುರ್ಸ್ಕಿ ಆಟಗಾರರಾಗಿ ದೇಶದ ಪರ ಆಡಿದ್ದು ಒಂದೇ ಪಂದ್ಯ, ಅದೂ 0–8ರ ಸೋಲು. ಹಾಗಾದರೆ ಅವರು ಸಾಧಾರಣ ಆಟಗಾರರಾಗಿದ್ದರೇ?

ಉತ್ತರ: ಹಾಗೆಂದು ತೀರ್ಮಾನಿಸುವ ಮೊದಲು ಆ ಪಂದ್ಯದ ತಾರೀಖನ್ನು ನೋಡಬೇಕು. ಕೋಪನ್‌ಹೇಗನ್‌ನಲ್ಲಿ ಡೆನ್ಮಾರ್ಕ್ ಎದುರು ಅದು ನಡೆದದ್ದು 1948ರ ಜೂನ್ 26ರಂದು. ಗುರ್ಸ್ಕಿ ಹುಟ್ಟಿದ್ದು 1921ರ ಮಾರ್ಚ್‌ನಲ್ಲಿ, ಆಗ ಪೋಲೆಂಡಿಗೆ ಸೇರಿದ್ದ ಲ್ವುವ್ ನಗರದಲ್ಲಿ. ಎರಡನೇ ಮಹಾಯುದ್ಧ ಆರಂಭವಾದಾಗ ಅವರಿಗೆ 18 ವರ್ಷ, ಮುಗಿದಾಗ 24. ಆಟಗಾರನ ಕಾಲು ಪಳಗುವ, ಆಯ್ಕೆಗಾರರ ಕಣ್ಣಿಗೆ ಬೀಳುವ ವಯಸ್ಸು ಅದೇ.

ಆ ವರ್ಷಗಳಲ್ಲಿ ಆಯ್ಕೆಯಾಗಲು ತಂಡವೇ ಇರಲಿಲ್ಲ. 1939ರ ಆಗಸ್ಟ್ 27ರಂದು ಪೋಲೆಂಡ್ ವಾರ್ಸಾದಲ್ಲಿ ಹಂಗೆರಿಯನ್ನು 4–2ರಿಂದ ಸೋಲಿಸಿತು. ಅದಾದ ಐದನೇ ದಿನ ಜರ್ಮನಿ ದಾಳಿ ಮಾಡಿತು. ಪೋಲೆಂಡಿನ ಮುಂದಿನ ಅಂತಾರಾಷ್ಟ್ರೀಯ ಪಂದ್ಯ 1947ರ ಜೂನ್‌ನಲ್ಲಿ, ಓಸ್ಲೋದಲ್ಲಿ ನಾರ್ವೆ ಎದುರು. ನಡುವೆ ಹೆಚ್ಚುಕಡಿಮೆ ಎಂಟು ವರ್ಷ ಖಾಲಿ.

ಲ್ವುವ್‌ನ ಕಥೆ ಇನ್ನೂ ಸಿಕ್ಕುಸಿಕ್ಕು. 1939ರ ಸೆಪ್ಟೆಂಬರ್‌ನಲ್ಲಿ ಅದು ಸೋವಿಯತ್ ಸೇನೆಯ ಕೈಸೇರಿತು. ನಾಲ್ಕು ಬಾರಿ ರಾಷ್ಟ್ರೀಯ ಚಾಂಪಿಯನ್ ಆಗಿದ್ದ ಪೊಗೊನ್ ಕ್ಲಬ್ಬನ್ನು ಮುಚ್ಚಲಾಯಿತು. ಆರ್‌ಕೆಎಸ್ ಎಂಬ ಕಾರ್ಮಿಕರ ಕ್ಲಬ್ಬಿನಲ್ಲಿ ಆಟ ಕಲಿತಿದ್ದ ಗುರ್ಸ್ಕಿ, ಸೋವಿಯತ್ ವ್ಯವಸ್ಥೆಯ ಸ್ಪಾರ್ಟಕ್ ಪರ ಆಡಿದರು. 1941ರಲ್ಲಿ ಜರ್ಮನರು ಬಂದರು, 1944ರಲ್ಲಿ ಮತ್ತೆ ಸೋವಿಯತ್ತರು. ಯುದ್ಧಾನಂತರ ಗಡಿಯನ್ನು ಹೊಸದಾಗಿ ಎಳೆದಾಗ ಊರೇ ಪೋಲೆಂಡಿನಿಂದ ಆಚೆ ಹೋಯಿತು. ಇಂದು ಅದು ಉಕ್ರೇನಿನ ಲ್ವಿವ್. ಗುರ್ಸ್ಕಿ ವಾರ್ಸಾದಲ್ಲಿ ಸೇನೆಯ ಕ್ಲಬ್ಬಾದ ಲೆಗಿಯಾ ಸೇರಿ 1953ರವರೆಗೆ ಆಡಿದರು. ಅಭಿಮಾನಿಗಳು ಅವರನ್ನು ‘ಸಾರೆಂಕಾ’, ಅಂದರೆ ಜಿಂಕೆಮರಿ, ಎಂದು ಕರೆಯುತ್ತಿದ್ದರು. ಸಾಧಾರಣ ಆಟಗಾರನಿಗೆ ಜನ ಅಷ್ಟು ಮುದ್ದಿನ ಹೆಸರಿಡುವುದು ಅಪರೂಪ ಎಂಬುದು ನನ್ನ ಅನಿಸಿಕೆ.

ಕೋಚ್ ಆಗಿಯೂ ಅವರು ಏಕಾಏಕಿ ಮೇಲೆ ಬಂದವರಲ್ಲ. ಕ್ಲಬ್ಬುಗಳನ್ನೂ ದೇಶದ ಕಿರಿಯರ ತಂಡಗಳನ್ನೂ ವರ್ಷಗಟ್ಟಲೆ ತಿದ್ದಿದ ಮೇಲೆ, 1970ರ ಕೊನೆಗೆ, ರಾಷ್ಟ್ರೀಯ ತಂಡದ ಹೊಣೆ ಸಿಕ್ಕಿತು. ಅವರಿಗಿಂತ ಮೊದಲು ಆ ಜಾಗದಲ್ಲಿದ್ದ ರಿಷಾರ್ಡ್ ಕೊಂಟ್ಸೆವಿಚ್ ಕೂಡ ಲ್ವುವ್‌ನವರೇ. 1972ರಲ್ಲಿ ಮ್ಯೂನಿಕ್ ಒಲಿಂಪಿಕ್ಸ್‌ನ ಫೈನಲ್‌ನಲ್ಲಿ ಕಾಜಿಮೆಷ್ ಡೈನಾ ಹೊಡೆದ ಎರಡು ಗೋಲುಗಳಿಂದ ಹಂಗೆರಿ ಸೋತು, ಚಿನ್ನ ಪೋಲೆಂಡಿಗೆ ಬಂತು. ಮರುವರ್ಷದ ಅಕ್ಟೋಬರ್ 17ರಂದು ವೆಂಬ್ಲಿಯಲ್ಲಿ ಇಂಗ್ಲೆಂಡಿಗೆ ಗೆಲುವು ಅನಿವಾರ್ಯವಾಗಿತ್ತು. ಗೋಲ್‌ಕೀಪರ್ ಯಾನ್ ತೊಮಾಷೆವ್ಸ್ಕಿ ಗೋಡೆಯಾಗಿ ನಿಂತದ್ದರಿಂದ ಪಂದ್ಯ 1–1ರಲ್ಲಿ ಮುಗಿದು, ವಿಶ್ವಕಪ್ಪಿಗೆ ಹೋದದ್ದು ಪೋಲೆಂಡ್.

1974ರ ಜುಲೈ 3ರಂದು ಫ್ರಾಂಕ್‌ಫರ್ಟ್‌ನಲ್ಲಿ ಪಶ್ಚಿಮ ಜರ್ಮನಿಯನ್ನು ಸೋಲಿಸಿದ್ದರೆ ಫೈನಲ್ ಸಿಗುತ್ತಿತ್ತು. ಆದರೆ ಪಂದ್ಯಕ್ಕೆ ಮೊದಲು ಸುರಿದ ಮಳೆಗೆ ಮೈದಾನ ಕೆಸರುಗದ್ದೆಯಾಗಿ, ಅಗ್ನಿಶಾಮಕ ದಳದವರು ಪಂಪ್ ಇಟ್ಟು ನೀರು ತೆಗೆಯಬೇಕಾಯಿತು. ಲಾಟೊ, ಗಡೋಹಾ ಎಂಬ ಇಬ್ಬರು ವಿಂಗರ್‌ಗಳ ಓಟವನ್ನೇ ನೆಚ್ಚಿದ್ದ ತಂಡಕ್ಕೆ, ಉರುಳಬೇಕಾದ ಚೆಂಡು ನೀರಿನಲ್ಲಿ ನಿಂತುಬಿಡುವುದಕ್ಕಿಂತ ದೊಡ್ಡ ಪೆಟ್ಟಿಲ್ಲ. ತೊಮಾಷೆವ್ಸ್ಕಿ ಪೆನಾಲ್ಟಿಯೊಂದನ್ನು ತಡೆದರೂ, 76ನೇ ನಿಮಿಷದಲ್ಲಿ ಗೆರ್ಡ್ ಮ್ಯೂಲರ್ ಹೊಡೆದ ಗೋಲಿನಿಂದ ಪೋಲೆಂಡ್ 0–1ರಲ್ಲಿ ಸೋತಿತು.

ಅದಕ್ಕೂ ಹಿಂದೆ ಪೋಲೆಂಡ್ ವಿಶ್ವಕಪ್ ಆಡಿದ್ದು 1938ರಲ್ಲಿ, ಒಂದೇ ಪಂದ್ಯ: ಸ್ಟ್ರಾಸ್‌ಬರ್ಗ್‌ನಲ್ಲಿ, ಹೆಚ್ಚುವರಿ ಸಮಯದ ಬಳಿಕ, ಬ್ರೆಜಿಲ್ ಎದುರು 5–6ರ ಸೋಲು. ಆಗ ಗುರ್ಸ್ಕಿ ಲ್ವುವ್‌ನಲ್ಲಿದ್ದ 17ರ ಹುಡುಗ. 1974ರ ಜುಲೈ 6ರಂದು ಮ್ಯೂನಿಕ್‌ನಲ್ಲಿ, ಮೂರನೇ ಸ್ಥಾನದ ಪಂದ್ಯದಲ್ಲಿ, ಅವರ ತಂಡದ ಎದುರಿಗಿದ್ದದ್ದು ಅದೇ ಬ್ರೆಜಿಲ್. ಲಾಟೊ ಹೊಡೆದ ಏಕೈಕ ಗೋಲಿನಿಂದ ಪೋಲೆಂಡ್ ಗೆದ್ದಿತು.