ಗ್ರಿಡ್ಡಿನ ಭಾರ ಹೊತ್ತ ಕಲ್ಲಿದ್ದಲು: 1882ರಿಂದ ಈಚೆಗೆ

ಥಾಮಸ್ ಎಡಿಸನ್‌ನ ಉದ್ಯಮ 1882ರ ಜನವರಿಯಲ್ಲಿ ಲಂಡನ್ನಿನ ಹೋಬರ್ನ್ ವಯಾಡಕ್ಟ್‌ನಲ್ಲಿ, ಅದೇ ವರ್ಷದ ಸೆಪ್ಟೆಂಬರ್ 4ರಂದು ನ್ಯೂಯಾರ್ಕಿನ ಪರ್ಲ್ ಸ್ಟ್ರೀಟ್‌ನಲ್ಲಿ ಕಲ್ಲಿದ್ದಲಿನಿಂದ ವಿದ್ಯುತ್ ಉತ್ಪಾದನೆ ಆರಂಭಿಸಿತು. ಪರ್ಲ್ ಸ್ಟ್ರೀಟ್‌ನಲ್ಲಿ ಮೊದಲಿಗೆ ಬೆಳಗಿದ್ದು ಸುಮಾರು 400 ದೀಪಗಳು. ಎಡಿಸನ್ ಬಳಸಿದ ಏಕಮುಖ ವಿದ್ಯುತ್ತನ್ನು (ಡಿಸಿ) ಒಂದು ಮೈಲಿಗಿಂತ ಹೆಚ್ಚು ದೂರ ಸಾಗಿಸುವುದು ಕಷ್ಟವಾಗಿದ್ದರಿಂದ ಸ್ಥಾವರವು ಬಳಕೆದಾರರ ಬೀದಿಯಲ್ಲೇ ಇರಬೇಕಾಗಿತ್ತು. ದಿಕ್ಕು ಬದಲಿಸುತ್ತ ಹರಿಯುವ ಪರ್ಯಾಯ ವಿದ್ಯುತ್ತೂ (ಎಸಿ), ಅದರ ವೋಲ್ಟೇಜನ್ನು ಏರಿಳಿಸಿ ದೂರ ಸಾಗಿಸಲು ನೆರವಾಗುವ ಟ್ರಾನ್ಸ್‌ಫಾರ್ಮರೂ ಬಂದ ಮೇಲೆ ಸ್ಥಾವರಗಳು ಗಣಿ ಮತ್ತು ನದಿಗಳ ಕಡೆಗೆ ಸರಿದವು. ದೀಪ ಉರಿಯುವ ಊರೊಂದು, ಹೊಗೆ ಕುಡಿಯುವ ಊರೊಂದು ಎಂಬ ಅನ್ಯಾಯ ಶುರುವಾದದ್ದು ಇಲ್ಲಿಂದಲೇ.

ಎಂಜಿನಿಯರ್ ಚಾರ್ಲ್ಸ್ ಪಾರ್ಸನ್ಸ್ 1884ರಲ್ಲಿ ರೂಪಿಸಿದ, ಹಬೆಯ ರಭಸಕ್ಕೆ ತಿರುಗಿ ಜನರೇಟರನ್ನು ತಿರುಗಿಸುವ ಹಬೆ ಟರ್ಬೈನ್ ಈ ಉದ್ಯಮದ ಗಾತ್ರವನ್ನೇ ಬದಲಿಸಿತು. ಕಲ್ಲಿದ್ದಲನ್ನು ಮುಖಕ್ಕೆ ಹಚ್ಚುವ ಪೌಡರಿನಷ್ಟು ನುಣ್ಣಗೆ ಅರೆದು, ಬಿಸಿಗಾಳಿಯೊಂದಿಗೆ ಕುಲುಮೆಗೆ ಊದುತ್ತಾರೆ. ಆ ಪುಡಿ ಅನಿಲದಂತೆ ಹೊತ್ತಿಕೊಂಡು, ಸುತ್ತಲಿನ ಕೊಳವೆಗಳ ನೀರನ್ನು ಹಬೆಯಾಗಿಸುತ್ತದೆ. ದೊಡ್ಡ ಬಾಯ್ಲರನ್ನು ನೆಲದ ಮೇಲೆ ಕೂರಿಸದೆ ಉಕ್ಕಿನ ತೊಲೆಗಳಿಂದ ತೂಗುಹಾಕುತ್ತಾರೆ. ಕಾದಾಗ ಅದು ಗೇಣುದ್ದಕ್ಕೂ ಮಿಕ್ಕಿ ಕೆಳಕ್ಕೆ ಹಿಗ್ಗುವುದರಿಂದ ಬೇರೆ ದಾರಿಯಿಲ್ಲ. ಅದೇ ಕಲ್ಲಿದ್ದಲಿನಿಂದ ಹೆಚ್ಚು ವಿದ್ಯುತ್ ಪಡೆಯಲೆಂದು 1957ರಲ್ಲಿ ಅಮೆರಿಕದ ಫಿಲೋ ಸ್ಥಾವರದ 6ನೇ ಘಟಕ, ನೀರು ಮತ್ತು ಹಬೆಯ ನಡುವಿನ ವ್ಯತ್ಯಾಸವೇ ಅಳಿಯುವ ಒತ್ತಡವನ್ನು ಮೀರಿ ಕೆಲಸ ಮಾಡಿತು. ಅತ್ಯುತ್ತಮ ಸ್ಥಾವರಗಳು ಕೂಡ ಇಂದಿಗೂ ಇಂಧನದ ಶಾಖದಲ್ಲಿ ಅರ್ಧಕ್ಕಿಂತ ಕಡಿಮೆಯನ್ನೇ ವಿದ್ಯುತ್ತಾಗಿಸುತ್ತವೆ.

ಇಷ್ಟು ದಪ್ಪ ಲೋಹವನ್ನು ಅವಸರದಿಂದ ಕಾಯಿಸಿದರೆ ಅದು ಬಿರುಕು ಬಿಡುತ್ತದೆ. ತಣ್ಣಗಾದ ಘಟಕವನ್ನು ಮತ್ತೆ ಗ್ರಿಡ್ಡಿಗೆ, ಅಂದರೆ ಊರೂರಿಗೆ ವಿದ್ಯುತ್ ಸಾಗಿಸುವ ಜಾಲಕ್ಕೆ, ಜೋಡಿಸಲು ಹಲವು ಗಂಟೆಗಳು ಹಿಡಿಯುವುದರಿಂದ, ಬೇಡಿಕೆ ಕುಸಿಯುವ ನಡುರಾತ್ರಿಯಲ್ಲೂ ಬೆಂಕಿಯನ್ನು ಆರಿಸದೆ ಕನಿಷ್ಠ ಮಟ್ಟದಲ್ಲಿ ಉರಿಸುತ್ತಾರೆ. ದಿನವಿಡೀ ಇಳಿಯದ ಬೇಡಿಕೆಯನ್ನು, ಅಂದರೆ ಬೇಸ್ ಲೋಡನ್ನು, ಕಲ್ಲಿದ್ದಲು ಹೊತ್ತದ್ದಕ್ಕೆ ಅದರ ಅಗ್ಗದ ಬೆಲೆಯಷ್ಟೇ ಈ ಜಡತನವೂ ಕಾರಣ.

ಕಲ್ಲಿದ್ದಲು ಸ್ಥಾವರದ ಇನ್ನೊಂದು ಕೊಡುಗೆ ಮೀಟರಿನಲ್ಲಿ ಕಾಣುವುದಿಲ್ಲ. ಸೆಕೆಂಡಿಗೆ 50 ಆವರ್ತನೆಗಳ, ಅಂದರೆ 50 ಹರ್ಟ್ಜ್‌ನ, ಗ್ರಿಡ್ಡಿನಲ್ಲಿ ಸಾಮಾನ್ಯವಾಗಿ ನಿಮಿಷಕ್ಕೆ 3000 ಸುತ್ತು ತಿರುಗುವ ಟರ್ಬೈನ್ ಮತ್ತು ಜನರೇಟರಿನ ತೂಕ ನೂರಾರು ಟನ್. ಎಲ್ಲೋ ಒಂದು ಘಟಕ ಟ್ರಿಪ್ ಆದರೆ, ಅಂದರೆ ತಟ್ಟನೆ ಗ್ರಿಡ್ಡಿನಿಂದ ಕಳಚಿಕೊಂಡರೆ, ಮಿಕ್ಕ ಜನರೇಟರುಗಳ ತಿರುಗುವ ರಭಸವೇ ಆ ಕೊರತೆಯನ್ನು ಕೆಲವು ಕ್ಷಣ ತುಂಬಿಕೊಡುತ್ತದೆ. ಅಷ್ಟರಲ್ಲಿ ಉಳಿದ ನಿಯಂತ್ರಣ ವ್ಯವಸ್ಥೆಗಳು ಎಚ್ಚೆತ್ತುಕೊಳ್ಳುತ್ತವೆ. ಸೌರ ಫಲಕಕ್ಕೆ ಹೀಗೆ ತಿರುಗುವ ತೂಕವಿಲ್ಲ. ಸ್ಥಾವರ ಮುಚ್ಚುವ ಚರ್ಚೆಗಳಲ್ಲಿ ಮೆಗಾವ್ಯಾಟ್‌ಗಳನ್ನು ಮಾತ್ರ ಎಣಿಸಿ ಇದನ್ನು ಬಿಟ್ಟುಬಿಡುವುದು ದೊಡ್ಡ ತಪ್ಪು ಎಂಬುದು ನನ್ನ ಖಚಿತ ಅಭಿಪ್ರಾಯ.

ಆದರೆ ಈ ಸೇವೆಗೆ ತೆತ್ತ ಬೆಲೆ ಘೋರವಾದದ್ದು. 1952ರ ಡಿಸೆಂಬರಿನಲ್ಲಿ ಲಂಡನ್ನಿಗೆ ಕವಿದು ಸಾವಿರಾರು ಜನರನ್ನು ಬಲಿ ತೆಗೆದುಕೊಂಡ ಹೊಗೆಮಂಜಿನಲ್ಲಿ ಮನೆಯೊಲೆಗಳ ಜೊತೆಗೆ ಸ್ಥಾವರಗಳ ಪಾಲೂ ಇತ್ತು. ಚಿಮಣಿಗಳನ್ನು ಎತ್ತರಿಸಿದಾಗ ಗಂಧಕದ ಹೊಗೆ ದೂರದ ಕಾಡು, ಕೆರೆಗಳ ಮೇಲೆ ಆಮ್ಲಮಳೆಯಾಗಿ ಸುರಿಯಿತು. ಹಾರುಬೂದಿಯನ್ನೂ ಗಂಧಕವನ್ನೂ ಹಿಡಿಯುವ ಸಾಧನಗಳು ಬಂದವಾದರೂ ಅವು ಇಂಗಾಲದ ಡೈಆಕ್ಸೈಡನ್ನು ತಡೆಯಲಾರವು. ಒಂದು ಯೂನಿಟ್ ವಿದ್ಯುತ್ತಿಗೆ ಸುಡುವ ಕಲ್ಲಿದ್ದಲು ಸರಿಸುಮಾರು ಅರ್ಧ ಕಿಲೋ, ಹೊಮ್ಮುವ ಅನಿಲ ಸುಮಾರು ಒಂದು ಕಿಲೋ. ಗಾಳಿಯ ಆಮ್ಲಜನಕ ಸೇರಿಕೊಳ್ಳುವುದರಿಂದ ತೂಕ ಹೀಗೆ ಹೆಚ್ಚುತ್ತದೆ.

2012ರಲ್ಲಿ ಸುಮಾರು ಐದರಲ್ಲಿ ಎರಡು ಪಾಲು ವಿದ್ಯುತ್ತನ್ನು ಕಲ್ಲಿದ್ದಲಿನಿಂದ ಪಡೆಯುತ್ತಿದ್ದ ಬ್ರಿಟನ್, 2024ರ ಸೆಪ್ಟೆಂಬರ್ 30ರಂದು ತನ್ನ ಕೊನೆಯ ಕಲ್ಲಿದ್ದಲು ಸ್ಥಾವರವಾದ ರ‍್ಯಾಟ್‌ಕ್ಲಿಫ್-ಆನ್-ಸೋರ್ ಅನ್ನು ಮುಚ್ಚಿತು. ಆದರೆ ಜಗತ್ತಿನ ವಿದ್ಯುತ್ತಿನ ಸುಮಾರು ಮೂರನೇ ಒಂದು ಭಾಗ ಇನ್ನೂ ಕಲ್ಲಿದ್ದಲಿನದೇ. ಹಗಲು ಸೌರವಿದ್ಯುತ್ತಿಗೆ ಜಾಗ ಬಿಟ್ಟು ಸಂಜೆ ಮತ್ತೆ ಏರುವ ಕೆಲಸ ಈಗ ಹಳೆಯ ಬಾಯ್ಲರುಗಳ ಪಾಲಿಗೆ ಬಂದಿದೆ, ದಿನವೂ ಕಾದು ಆರುವ ಲೋಹ ಬೇಗ ಸವೆಯುತ್ತಿದೆ. ಆ ಹೊರೆಯನ್ನು ಇಳಿಸಲು ಬ್ಯಾಟರಿಗಳು ಬರುತ್ತಿವೆ. ಕೆಲವು ಗ್ರಿಡ್ಡುಗಳಲ್ಲಿ ಬೆಂಕಿಯಿಲ್ಲದೆ, ಗ್ರಿಡ್ಡಿನ ವಿದ್ಯುತ್ತಿನಿಂದಲೇ ತಿರುಗುವ ಭಾರೀ ಯಂತ್ರಗಳನ್ನು, ಕೊರತೆಯನ್ನು ಕೆಲವು ಕ್ಷಣ ತುಂಬಿಕೊಡುವ ಆ ತಿರುಗುವ ರಭಸಕ್ಕಾಗಿಯೇ ಕೂರಿಸುತ್ತಿದ್ದಾರೆ.