ಕುದಿಸಬೇಡಿ, ವಿಷ ಜಾಸ್ತಿಯಾಗುತ್ತದೆ!

ನೀರಿನ ಮೇಲೆ ಅನುಮಾನ ಬಂದರೆ ನಾವು ಮೊದಲು ಮಾಡುವುದು ಕುದಿಸುವುದು. 2014ರ ಆಗಸ್ಟ್‌ನಲ್ಲಿ ಅಮೆರಿಕದ ಟೊಲಿಡೊ ನಗರದಲ್ಲಿ ಹೇಳಿದ್ದು ಇದರ ಉಲ್ಟಾ: ನಲ್ಲಿ ನೀರು ಕುಡಿಯಬೇಡಿ, ಕುದಿಸಲೂ ಬೇಡಿ. ಈರಿ ಸರೋವರದ ಹಸಿರು ಪಾಚಿಯ ವಿಷ, ಮೈಕ್ರೊಸಿಸ್ಟಿನ್, ನೀರಿಗೆ ಸೇರಿತ್ತು. (ಪಾಚಿ ಅನ್ನುತ್ತೇವೆ, ಅಸಲಿಗೆ ಅದು ಬ್ಯಾಕ್ಟೀರಿಯಾ.) ಕುದಿಸಿದರೆ ಬ್ಯಾಕ್ಟೀರಿಯಾ ಸಾಯುತ್ತದೆ, ವಿಷ ಉಳಿಯುತ್ತದೆ. ಸಾರು ಬತ್ತಿದಷ್ಟೂ ಉಪ್ಪು ಮುಂದಾದ ಹಾಗೆ, ನೀರು ಆವಿಯಾದಷ್ಟೂ ವಿಷ ಗಟ್ಟಿಯಾಗುತ್ತದೆ.

ಪಾಚಿಯನ್ನು ಕೊಬ್ಬಿಸುವುದು ರಂಜಕ. ಅಕ್ಕಿ ಮೂಟೆಗಟ್ಟಲೆ ಇದ್ದು ಉದ್ದು ಒಂದೇ ಹಿಡಿ ಇದ್ದರೆ, ದೋಸೆ ಎಷ್ಟು ಎಂದು ತೀರ್ಮಾನಿಸುವುದು ಉದ್ದು ತಾನೇ? ಐನೂರು ಜನಕ್ಕೆ ಅಡುಗೆಯಾಗಿ ಎಲೆ ಇಪ್ಪತ್ತೇ ಇದ್ದರೆ ಪಂಕ್ತಿಗೆ ಕೂರುವವರು ಇಪ್ಪತ್ತೇ ಜನ. ಸಿಹಿನೀರಿನ ಕೆರೆಯಲ್ಲಿ ಆ ಉದ್ದು, ಆ ಎಲೆ, ಎರಡೂ ರಂಜಕವೇ. ಡಿಟರ್ಜೆಂಟಿಗೆ ರಂಜಕ ಹಾಕುತ್ತಿದ್ದ ಸಾಬೂನು ಉದ್ಯಮದವರು ಒಪ್ಪಲಿಲ್ಲ, ತಪ್ಪು ಇಂಗಾಲದ್ದು ಎಂದು ವಾದಿಸಿದರು. 1973ರಲ್ಲಿ ವಿಜ್ಞಾನಿ ಡೇವಿಡ್ ಶಿಂಡ್ಲರ್ ತಂಡ ಕೆನಡಾದ 226ನೇ ನಂಬರಿನ ಕೆರೆಗೆ ನಡುವೆ ಪರದೆ ಕಟ್ಟಿತು. ಎರಡೂ ಕಡೆ ಇಂಗಾಲ, ಸಾರಜನಕ. ಒಂದು ಕಡೆ ಮಾತ್ರ ರಂಜಕ. ಆ ಕಡೆಯಷ್ಟೇ ಹಸಿರಾಯಿತು! ಮೇಲಿನಿಂದ ತೆಗೆದ ಫೋಟೊ ನೋಡಿದವರಿಗೆ ಬೇರೆ ಭಾಷಣ ಬೇಕಿರಲಿಲ್ಲ.

ಈರಿಯನ್ನು ಹಂಚಿಕೊಂಡಿರುವ ಅಮೆರಿಕ, ಕೆನಡಾ 1972ರಲ್ಲೇ ಒಪ್ಪಂದ ಮಾಡಿಕೊಂಡು, ಮುಂದೆ ಚರಂಡಿ ನೀರಿನ, ಡಿಟರ್ಜೆಂಟಿನ ರಂಜಕ ಇಳಿಸಿದವು. ಈರಿ ಚೇತರಿಸಿಕೊಂಡಿತು. ತೊಂಬತ್ತರ ದಶಕದ ನಡುವಿನಿಂದ ಪಾಚಿ ಮತ್ತೆ ಬಂತು. ಈ ಸಲ ಹೊಲದ ಗೊಬ್ಬರದಿಂದ, ಮಾಮೀ ನದಿಯ ದಾರಿಯಲ್ಲಿ. ಹಡಗುಗಳ ಜೊತೆ ಬಂದ ಜೀಬ್ರಾ ಚಿಪ್ಪುಜೀವಿಗಳದ್ದು ಇನ್ನೊಂದು ಕಾಟ: ಒಳ್ಳೆಯ ಪಾಚಿ ತಿಂದು ವಿಷದ್ದನ್ನು ಉಗುಳುತ್ತವೆ.

ಆ ನದಿಯ ಬಯಲು ಹಿಂದೆ ಹೊಲವೇ ಅಲ್ಲ. ಗ್ರೇಟ್ ಬ್ಲ್ಯಾಕ್ ಸ್ವಾಂಪ್ ಎಂಬ ಭಾರಿ ಜೌಗು. ಕೆಟ್ಟ ಗಾಳಿಯಿಂದ ಜ್ವರ ಬರುತ್ತದೆ ಎಂದು ನಂಬಿದ್ದ ಕಾಲ ಅದು. ‘ಮಲೇರಿಯಾ’ ಅಂದರೇ ಕೆಟ್ಟ ಗಾಳಿ. ಜ್ವರ ತರುತ್ತಿದ್ದದ್ದು ಸೊಳ್ಳೆ, ಬೈಸಿಕೊಂಡದ್ದು ಜೌಗು. 19ನೇ ಶತಮಾನದ ಕೊನೆಯ ಹೊತ್ತಿಗೆ ಮಣ್ಣಿನ ಕೊಳವೆ ಹೂತು, ನೀರು ಬಸಿದು, ಬಹುಪಾಲನ್ನು ಹೊಲ ಮಾಡಿದರು. ಹುಲ್ಲು, ಕೆಸರು, ಜೊಂಡಿನ ನಡುವೆ ನೀರು ತಡೆದು ತಡೆದು ಹೋಗುವಾಗ ರಂಜಕ ಅಲ್ಲೇ ಉಳಿಯುತ್ತಿತ್ತು. ಕೊಳವೆಗೆ ಆ ತಾಳ್ಮೆ ಇಲ್ಲ. ಮಳೆ ಬಂದರೆ ಕರಗಿದ ರಂಜಕ ನೆಟ್ಟಗೆ ಕಾಲುವೆಗೆ, ಅಲ್ಲಿಂದ ಸರೋವರಕ್ಕೆ.

2008ಕ್ಕೆ ಹೋಲಿಸಿದರೆ ರಂಜಕವನ್ನು ಶೇ. 40ರಷ್ಟು ಇಳಿಸಬೇಕೆಂದು 2016ರಲ್ಲಿ ಎರಡೂ ದೇಶಗಳು ಗುರಿ ಇಟ್ಟವು. ಟೊಲಿಡೊ ಇರುವ ಒಹಾಯೊ ರಾಜ್ಯದಲ್ಲಿ ಈಗ ಅಲ್ಲಲ್ಲಿ ಜೌಗನ್ನು ಮತ್ತೆ ಮಾಡುತ್ತಿದ್ದಾರೆ. ನನಗೆ ಅದಕ್ಕಿಂತ ಇಷ್ಟವಾದದ್ದು ಹೊಲದ ಕೊಳವೆಗೆ ಕೂರಿಸುವ ಸಣ್ಣ ಪೆಟ್ಟಿಗೆ. ಒಳಗೆ ಹಲಗೆ ಇಳಿಸಿದರೆ ನೀರು ಹೊಲದಲ್ಲೇ ನಿಲ್ಲುತ್ತದೆ, ಎತ್ತಿದರೆ ಹರಿಯುತ್ತದೆ. ನಮ್ಮ ಕೆರೆ ತೂಬಿನ ತಮ್ಮ, ಅಲ್ವಾ?