ಮೇ ತಿಂಗಳ ಫ್ರಾಸ್ಟ್ ಹಿತ್ತಲ ಹಕ್ಕಿಗಳನ್ನು ಕೊಂದಿತಾ?

ಪ್ರಶ್ನೆ: ಮಗಳ ಮನೆಗೆ ಅಂತ ಮೈಸೂರಿನಿಂದ ಇಂಗ್ಲೆಂಡಿನ ರೆಡಿಂಗ್‌ಗೆ ಬಂದಿದ್ದೇನೆ. ಮೇ ಮೊದಲ ವಾರ ಒಂದು ಬೆಳಗ್ಗೆ ಹಿತ್ತಲೆಲ್ಲ ಉಪ್ಪು ಚೆಲ್ಲಿದ ಹಾಗೆ ಬೆಳ್ಳಗಿತ್ತು. ಸೇಬಿನ ಹೂವೆಲ್ಲ ಕಂದುಹೋಯಿತು. ಮೊಮ್ಮಗ ಹುಟ್ಟಿದಾಗ, 2005ರಲ್ಲಿ, ಬಂದಿದ್ದೆ. ಆಗ ಹಸಿರು ಹಳದಿ ಬಣ್ಣದ ಹಕ್ಕಿಗಳು ಕಾಳು ತಿನ್ನೋಕೆ ಹಿಂಡಾಗಿ ಬರ್ತಿದ್ದವು. ಈಗ ಒಂದೂ ಇಲ್ಲ. ಇಂಥ ಚಳಿಗೆ ಸತ್ತುಹೋದವಾ?

ಉತ್ತರ: ಇಂಗ್ಲೆಂಡಿನ ಕನ್ನಡದ ಮನೆಗಳಿಂದ ಪ್ರತಿ ವಸಂತದಲ್ಲೂ ಬರುವ ಪ್ರಶ್ನೆ ಇದು. ನೇರವಾಗಿ ಹೇಳಿಬಿಡುತ್ತೇನೆ. ನಿಮ್ಮ ಹಸಿರು ಹಕ್ಕಿಯನ್ನು ಆ ಫ್ರಾಸ್ಟ್, ಅಂದರೆ ನೆಲ, ಗಿಡಗಳ ಮೇಲೆ ಕೂರುವ ತೆಳು ಹಿಮ, ಕೊಂದಿಲ್ಲ. ಅದರ ಹೆಸರು ಗ್ರೀನ್‌ಫಿಂಚ್. ಅದನ್ನು ಹಿತ್ತಲುಗಳಿಂದ ಅಳಿಸಿದ್ದು ಒಂದು ಗಂಟಲ ರೋಗ. ಹಾಗಂತ ಫ್ರಾಸ್ಟ್ ಏನೂ ಮಾಡುವುದಿಲ್ಲ ಅಂತಲ್ಲ. ಅದು ಬೇರೆ ಕೆಲವು ಹಕ್ಕಿಗಳ ಮರಿಗಳಿಗೆ ಊಟದ ಹೊತ್ತು ತಪ್ಪಿಸುತ್ತದೆ. ಎರಡೂ ಬೇರೆ ಬೇರೆ ಕಥೆ. ಹಿತ್ತಲು ಒಂದೇ ಆದ್ದರಿಂದ ನಮಗೆ ಒಂದೇ ಅನಿಸುತ್ತದೆ.

ಮೊದಲು ಆ ಬೆಳಗಿನ ವಿಷಯ. ಹಗಲು ಬಿಸಿಲಿದ್ದು, ರಾತ್ರಿ ಮೋಡ ಇಲ್ಲದೆ, ಗಾಳಿಯೂ ಬೀಸದೆ ಇದ್ದರೆ ನೆಲದ ಬಿಸಿಯೆಲ್ಲ ಆಕಾಶಕ್ಕೆ ಹೋಗಿಬಿಡುತ್ತದೆ. ಮೋಡ ಅಂದರೆ ಹೊದಿಕೆ ಇದ್ದ ಹಾಗೆ. ಅದಿಲ್ಲದ ರಾತ್ರಿ ನೆಲ ತಣ್ಣಗಾಗುತ್ತ ಹೋಗಿ, ಸೂರ್ಯ ಹುಟ್ಟುವ ಹೊತ್ತಿಗೆ ಸೊನ್ನೆ ಡಿಗ್ರಿಗಿಂತ ಕೆಳಗೆ ಇಳಿಯುತ್ತದೆ. ತಣ್ಣನೆ ಗಾಳಿ ಭಾರ. ನೀರಿನ ಹಾಗೆ ತಗ್ಗಿಗೆ ಹರಿದು ನಿಲ್ಲುತ್ತದೆ. ಅದಕ್ಕೇ ಒಂದೇ ಹಿತ್ತಲಲ್ಲಿ ಬೇಲಿ ಪಕ್ಕದ ತಗ್ಗಿನ ಗಿಡ ಕಪ್ಪಾಗಿರುತ್ತದೆ, ಗೋಡೆ ಪಕ್ಕದ ಗಿಡ ಚೆನ್ನಾಗಿರುತ್ತದೆ. ಪೂರ್ತಿ ಅರಳಿದ ಸೇಬಿನ ಹೂವಿಗೆ ಮೈನಸ್ 2 ಡಿಗ್ರಿಯ ಸುಮಾರಿಗೆ ಪೆಟ್ಟು ಬೀಳಲು ಶುರುವಾಗುತ್ತದೆ. ಹೂವಿನ ನಡುವೆ ಬಿಡಿಸಿ ನೋಡಿ. ಹಸಿರಿರಬೇಕಾದ ಕಡೆ ಕಪ್ಪು ಚುಕ್ಕೆ ಇದ್ದರೆ ಆ ಹೂವು ಕಾಯಿ ಕಟ್ಟುವುದಿಲ್ಲ.

ಮೇ ತಿಂಗಳ ಫ್ರಾಸ್ಟ್ ಇಲ್ಲಿ ಹೊಸದೇನಲ್ಲ. ಮೇ ಮುಗಿಯುವವರೆಗೆ ಮೈಮೇಲಿನ ಬೆಚ್ಚನೆ ಬಟ್ಟೆ ತೆಗೆಯಬೇಡ ಅನ್ನುವ ಗಾದೆ ಇಂಗ್ಲಿಷರಲ್ಲೇ ಇದೆ. 2017ರ ಏಪ್ರಿಲ್ ಕೊನೆಯಲ್ಲಿ, 2020ರ ಮೇ ಮಧ್ಯದಲ್ಲಿ ಬಿದ್ದ ಫ್ರಾಸ್ಟ್‌ಗೆ ಇಲ್ಲಿನ ದ್ರಾಕ್ಷಿ ತೋಟಗಳು ನರಳಿದವು. 2021ರ ಏಪ್ರಿಲ್‌ನಲ್ಲಂತೂ ಬ್ರಿಟನ್ನಿನ ರಾತ್ರಿಗಳು 1922ರ ನಂತರ ಆ ತಿಂಗಳಲ್ಲಿ ಎಂದೂ ಇಲ್ಲದಷ್ಟು ತಣ್ಣಗಿದ್ದವು. ಬದಲಾಗಿರುವುದು ಏನೆಂದರೆ ಚಿಗುರಿನ ಹೊತ್ತು. ಫೆಬ್ರವರಿ, ಮಾರ್ಚ್ ಬೆಚ್ಚಗಾಗುತ್ತಿವೆ. ಗಿಡಗಳು ಬೇಗ ಕಣ್ಣು ಬಿಡುತ್ತಿವೆ. ಕೊನೆಯ ಫ್ರಾಸ್ಟ್ ಮಾತ್ರ ಅಷ್ಟೇ ಬೇಗ ಜಾಗ ಖಾಲಿ ಮಾಡುತ್ತಿಲ್ಲ. ಮೊದಲಾಗಿದ್ದರೆ ಮುಚ್ಚಿದ ಮೊಗ್ಗಿನ ಮೇಲೆ ಬೀಳುತ್ತಿದ್ದ ಚಳಿ ಈಗ ಎಳೆ ಎಲೆ, ಬಿಚ್ಚಿದ ಹೂವಿನ ಮೇಲೆ ಬೀಳುತ್ತಿದೆ.

ಇನ್ನು ಹಕ್ಕಿಗೆ ಬರೋಣ. ಬೆಳೆದ ಹಕ್ಕಿಗೆ ಒಂದು ರಾತ್ರಿಯ ಫ್ರಾಸ್ಟ್ ದೊಡ್ಡದಲ್ಲ. ಡಿಸೆಂಬರ್, ಜನವರಿ ದಾಟಿ ಬಂದ ಜೀವ ಅದು. ಚಳಿ ಹಕ್ಕಿಗಳನ್ನು ಕೊಲ್ಲುವುದು ವಾರಗಟ್ಟಲೆ ನೆಲ ಕಲ್ಲಾಗಿ ಕೂತಾಗ. 1962-63ರ ಚಳಿಗಾಲ ಹಾಗಿತ್ತು. ಬರೀ ಒಂಬತ್ತು ಹತ್ತು ಗ್ರಾಂ ತೂಗುವ ರೆನ್ ಹಕ್ಕಿಗಳಲ್ಲಿ ಸುಮಾರು ಮುಕ್ಕಾಲು ಪಾಲು ಆ ವರ್ಷ ಸತ್ತವು. ಚಳಿ ಜಾಸ್ತಿಯಾದರೆ ಈ ಪುಟ್ಟ ಹಕ್ಕಿಗಳು ಒಂದರ ಮೇಲೊಂದು ಒತ್ತಿಕೊಂಡು ಮಲಗುತ್ತವೆ. 1969ರಲ್ಲಿ ನಾರ್ಫಕ್‌ನ ಒಂದೇ ಗೂಡುಪೆಟ್ಟಿಗೆಯೊಳಗೆ ಅರವತ್ತಕ್ಕೂ ಹೆಚ್ಚು ರೆನ್‌ಗಳು ಇದ್ದದ್ದು ದಾಖಲಾಗಿದೆ.

ಮೇ ಫ್ರಾಸ್ಟ್‌ನ ಪೆಟ್ಟು ಬೀಳುವುದು ಮರಿಗಳಿಗೆ. ಅದೂ ನೇರವಾಗಿ ಅಲ್ಲ. ನೀಲಿ ಟೋಪಿ, ಹಳದಿ ಎದೆಯ ಬ್ಲೂ ಟಿಟ್ ನಿಮ್ಮ ಹಿತ್ತಲಿಗೆ ಖಂಡಿತ ಬರುತ್ತಿರುತ್ತದೆ. ಅದು ವರ್ಷಕ್ಕೆ ಸಾಮಾನ್ಯವಾಗಿ ಒಂದೇ ಸಲ ಮೊಟ್ಟೆ ಇಡುತ್ತದೆ, ಎಂಟು ಹತ್ತು ಮೊಟ್ಟೆ. ಮರಿಗಳಿಗೆ ಬೇಕಾದದ್ದು ನಾವು ಹಾಕುವ ಕಾಳಲ್ಲ, ಹಸಿರು ಹುಳು. ಒಂದು ಗೂಡಿಗೆ ದಿನಕ್ಕೆ ಸಾವಿರದ ಹತ್ತಿರ ಹುಳು ಬೇಕಾಗುತ್ತದೆ! ಓಕ್ ಮರದ ಎಳೆ ಎಲೆ ತಿಂದು ಬೆಳೆಯುವ ಈ ಹುಳುಗಳು ಯಥೇಚ್ಛವಾಗಿ ಸಿಗುವುದು ಎರಡು ಮೂರು ವಾರ ಮಾತ್ರ. ಆಮೇಲೆ ಎಲೆ ಗಟ್ಟಿಯಾಗುತ್ತದೆ, ಹುಳು ನೆಲಕ್ಕಿಳಿದು ಮಣ್ಣು ಸೇರುತ್ತದೆ. ಎಲೆ, ಹುಳು, ಮರಿ, ಮೂರೂ ಒಂದೇ ಹೊತ್ತಿಗೆ ಕೂಡಬೇಕು.

ಆಕ್ಸ್‌ಫರ್ಡ್ ಹತ್ತಿರದ ವೈಟಮ್ ಕಾಡಿನಲ್ಲಿ 1947ರಿಂದ, ಬ್ಲೂ ಟಿಟ್‌ನ ನೆಂಟ ಗ್ರೇಟ್ ಟಿಟ್ ಹಕ್ಕಿಗಳ ಗೂಡುಗಳನ್ನು ವರ್ಷವೂ ತಪ್ಪದೆ ನೋಡುತ್ತ ಬಂದಿದ್ದಾರೆ. ಅಲ್ಲಿನ ಹಕ್ಕಿಗಳು 1960ರ ದಶಕಕ್ಕಿಂತ ಸುಮಾರು ಎರಡು ವಾರ ಮೊದಲೇ ಈಗ ಮೊಟ್ಟೆ ಇಡುತ್ತವೆ. ವಸಂತ ಬೇಗ ಬರತೊಡಗಿದ ಹಾಗೆ ಅವೂ ಬೇಗ ಶುರು ಮಾಡಿವೆ. ಇದು ನನಗೆ ತುಂಬ ಸಮಾಧಾನ ಕೊಡುವ ಸಂಗತಿ. ಹಕ್ಕಿಗಳು ಸುಮ್ನೆ ಕೂತಿಲ್ಲ. ಮಧ್ಯದಲ್ಲಿ ಚಳಿ ಹಿಡಿದರೆ ಮೊಟ್ಟೆ ಇಡುವುದನ್ನು ಒಂದೆರಡು ದಿನ ನಿಲ್ಲಿಸುತ್ತವೆ, ಕಾವಿಗೆ ಕೂರುವುದನ್ನೂ ತಡ ಮಾಡುತ್ತವೆ. ಆದರೆ ಮರಿ ಹೊರಬಂದ ಮೇಲೆ ಆ ದಾರಿ ಇಲ್ಲ. ಮೊದಲ ವಾರ ಮರಿಗೆ ಗರಿಯೇ ಇರುವುದಿಲ್ಲ. ತಾಯಿ ಮೇಲೆ ಕೂತು ಬೆಚ್ಚಗಿಡಬೇಕು. ಕೂತರೆ ಹುಳು ತರುವವರಾರು? ಹೋದರೆ ಮರಿ ತಣ್ಣಗಾಗುತ್ತದೆ. ಜೋರು ಫ್ರಾಸ್ಟ್‌ಗೆ ಓಕ್ ಚಿಗುರೇ ಸುಟ್ಟುಹೋದರೆ ಹುಳುಗಳಿಗೂ ಊಟವಿಲ್ಲ. ಮರ ಕೆಲವು ವಾರಗಳಲ್ಲಿ ಮತ್ತೆ ಚಿಗುರುತ್ತದೆ, ಅಷ್ಟರಲ್ಲಿ ಆ ಗೂಡಿನ ಕಥೆ ಮುಗಿದಿರುತ್ತದೆ.

ಫ್ರಾಸ್ಟ್‌ಗಿಂತ ಬಿಡದೆ ಹೊಡೆಯುವ ಮಳೆ ಇನ್ನೂ ಕೆಟ್ಟದ್ದು ಅಂತಲೂ ಹೇಳಬೇಕು. ಅದು ಹುಳುಗಳನ್ನು ಎಲೆಯಿಂದ ತೊಳೆದುಹಾಕುತ್ತದೆ. 2012ರ ಏಪ್ರಿಲ್‌ನಿಂದ ಜೂನ್‌ವರೆಗೆ ದಾಖಲೆ ಮಳೆ ಬಿತ್ತು, ಟಿಟ್‌ಗಳಿಗೆ ಅದು ಬಹಳ ಕೆಟ್ಟ ವರ್ಷ. ಆದರೂ ಒಂದು ಕೆಟ್ಟ ವರ್ಷವನ್ನು ಒಂದೆರಡು ಒಳ್ಳೆಯ ವರ್ಷ ತುಂಬಿಕೊಡುತ್ತದೆ. ಅಷ್ಟು ಮೊಟ್ಟೆ ಇಡುವುದು ಅದಕ್ಕೇ ಅಲ್ವಾ? ಇಪ್ಪತ್ತು ವರ್ಷ ಕಳೆದರೂ ಒಂದು ಹಕ್ಕಿ ತಿರುಗಿ ಬಂದಿಲ್ಲ ಅಂದರೆ ಕಾರಣ ಬೇರೆ ಕಡೆ ಹುಡುಕಬೇಕು.

ನೀವು ಗ್ರೀನ್‌ಫಿಂಚ್ ಹಿಂಡು ನೋಡಿದ 2005ರಲ್ಲೇ ಬ್ರಿಟನ್ನಿನ ಫಿಂಚ್ ಗುಂಪಿನ ಹಕ್ಕಿಗಳಲ್ಲಿ ಟ್ರೈಕೊಮೊನೊಸಿಸ್ ಅನ್ನುವ ರೋಗ ಮೊದಲ ಸಲ ಕಾಣಿಸಿತು. ಮರುವರ್ಷ ಅದು ದೊಡ್ಡದಾಗಿ ಹರಡಿತು. ಪಾರಿವಾಳದ ಜಾತಿಯ ಹಕ್ಕಿಗಳಲ್ಲಿ ಮೊದಲಿಂದಲೂ ಇದ್ದ ಸೂಕ್ಷ್ಮ ಜೀವಿ ಫಿಂಚ್‌ಗಳಿಗೆ ದಾಟಿತ್ತು. ಗಂಟಲು ಊದಿಕೊಳ್ಳುತ್ತದೆ, ನುಂಗಲು ಆಗುವುದಿಲ್ಲ. ಹಸಿವಿನಿಂದ ಹಕ್ಕಿ ಸಾಯುತ್ತದೆ. ಮನುಷ್ಯರಿಗೆ ಇದು ಬರುವುದಿಲ್ಲ.

ಕೆಲವು ವರ್ಷದ ಹಿಂದೆ, ಬೇಸಿಗೆಯ ಕೊನೆಯಲ್ಲಿ, ಹಕ್ಕಿಗೆ ಕಾಳು ಹಾಕಿಡುವ ನಮ್ಮ ಫೀಡರ್ ಮೇಲೆ ಒಂದು ಗ್ರೀನ್‌ಫಿಂಚ್ ನೋಡಿದೆ. ಬಾಗಿಲು ತೆಗೆದಾಗ ಮಿಕ್ಕವೆಲ್ಲ ಹಾರಿದವು. ಇದು ಕೂತೇ ಇತ್ತು. ಗರಿ ಉಬ್ಬಿ ಉಂಡೆಯಾಗಿತ್ತು. ಸೂರ್ಯಕಾಂತಿ ಬೀಜ ಕೊಕ್ಕಿಗೆ ತೆಗೆದುಕೊಂಡು ಅಗಿಯುವುದು, ನುಂಗಲಾರದೆ ಮತ್ತೆ ತಟ್ಟೆಗೇ ಬೀಳಿಸುವುದು, ಹೀಗೇ ಮಾಡುತ್ತಿತ್ತು. ಕೊಕ್ಕಿನ ಸುತ್ತ ಬೀಜದ ಒದ್ದೆ ಪುಡಿ ಮೆತ್ತಿತ್ತು. ಅದು ಬೀಳಿಸಿದ ಎಂಜಲು ಬೀಜವನ್ನು ಇನ್ನೊಂದು ಹಕ್ಕಿ ಬಂದು ತಿಂದಾಗ ನನ್ನ ಹೊಟ್ಟೆ ತೊಳಸಿತು. ಆ ತಟ್ಟೆಯನ್ನು ನಾನು ತಿಂಗಳಿಂದ ತೊಳೆದಿರಲಿಲ್ಲ. ರೋಗ ಹರಡುವುದು ಹೀಗೇ, ಎಂಜಲಿನಿಂದ. 2021ರಲ್ಲಿ ಗ್ರೀನ್‌ಫಿಂಚ್ ಬ್ರಿಟನ್ನಿನ ಕೆಂಪು ಪಟ್ಟಿ, ಅಂದರೆ ಹೆಚ್ಚು ಅಪಾಯದಲ್ಲಿರುವ ಹಕ್ಕಿಗಳ ಪಟ್ಟಿ, ಸೇರಿತು. ಚಪ್ಪಟೆ ತಟ್ಟೆಯ ಫೀಡರ್‌ಗಳ ಮಾರಾಟವನ್ನು ಹಕ್ಕಿ ರಕ್ಷಣೆಯ ದೊಡ್ಡ ಸಂಸ್ಥೆ ಆರ್‌ಎಸ್‌ಪಿಬಿ 2025ರಲ್ಲಿ ನಿಲ್ಲಿಸಿದ್ದು ಇದೇ ಭಯಕ್ಕೆ.

ಮಿಕ್ಕ ಹಕ್ಕಿಗಳಿಗೆ ಒಂದೊಂದಕ್ಕೆ ಒಂದೊಂದು ಕಷ್ಟ. ನಮ್ಮೂರಿನ ಅದೇ ಗುಬ್ಬಚ್ಚಿ ಇಲ್ಲಿ 1979ಕ್ಕೆ ಹೋಲಿಸಿದರೆ ಹಿತ್ತಲ ಲೆಕ್ಕದಲ್ಲಿ ಸುಮಾರು ಶೇ. 60ರಷ್ಟು ಕಡಿಮೆ. ಸೂರಿನ ಸಂದುಗಳನ್ನು ಮುಚ್ಚಿದೆವು, ಮನೆ ಮುಂದಿನ ಮಣ್ಣಿಗೆ ಕಾರು ನಿಲ್ಲಿಸಲು ಕಲ್ಲು ಹಾಸಿದೆವು, ಗುಬ್ಬಿ ಮರಿಗೆ ಬೇಕಾದ ಗಿಡದ ಹೇನು, ಹುಳು ಔಷಧಿಗೆ ಸತ್ತವು. ಲಂಡನ್ನಿನ ಬ್ಲ್ಯಾಕ್‌ಬರ್ಡ್‌ಗಳಲ್ಲಿ ಸೊಳ್ಳೆ ಹರಡುವ ಉಸುಟು ವೈರಸ್ 2020ರಲ್ಲಿ ಸಿಕ್ಕಿತು. ಅದಕ್ಕೆ ಬೇಕಾದದ್ದು ಬೆಚ್ಚನೆ ಬೇಸಿಗೆ, ಫ್ರಾಸ್ಟ್ ಅಲ್ಲ.

ಹೆಚ್ಚಾದವೂ ಇವೆ. ಕೆಂಪು ಮುಖದ ಗೋಲ್ಡ್‌ಫಿಂಚ್ ಈಗ ಹಿತ್ತಲಿನ ಖಾಯಂ ಅತಿಥಿ. ಬ್ಲ್ಯಾಕ್‌ಕ್ಯಾಪ್ ಅನ್ನುವ ಹಕ್ಕಿ ಜರ್ಮನಿ, ಆಸ್ಟ್ರಿಯಾ ಕಡೆಯಿಂದ ಚಳಿಗಾಲ ಕಳೆಯಲು ಇಲ್ಲಿಗೆ ಬರುತ್ತದೆ, ಹಿತ್ತಲಿನ ಊಟ ನಂಬಿ. ಲಂಡನ್ ಸುತ್ತ ಕಿರುಚುತ್ತ ಹಾರುವ ಹಸಿರು ಗಿಳಿ ಕಂಡು ನಿಮಗೆ ಆಶ್ಚರ್ಯ ಆಗಿರಬಹುದು. ಮೈಸೂರಿನ ಮರಗಳಲ್ಲಿ ಕೂರುವ ಅದೇ ಜಾತಿ. ಪಂಜರದಿಂದ ತಪ್ಪಿಸಿಕೊಂಡವುಗಳ ಸಂತಾನ.

ಈಗ ನಿಮ್ಮ ಹಿತ್ತಲಿಗೆ ಬರೋಣ. ಫ್ರಾಸ್ಟ್ ಬಿದ್ದ ಮೇಲೆ ಪಾಪ ಅನಿಸಿ ಜಾಸ್ತಿ ಕಾಳು ಸುರಿಯಬೇಡಿ. ಒಂದೆರಡು ದಿನದಲ್ಲಿ ಖಾಲಿಯಾಗುವಷ್ಟು ಹಾಕಿ. ಫೀಡರನ್ನು ವಾರಕ್ಕೊಮ್ಮೆ ಬಿಸಿ ನೀರಲ್ಲಿ ಉಜ್ಜಿ ತೊಳೆದು ಪೂರ್ತಿ ಒಣಗಿಸಿ, ತಟ್ಟೆಯ ನೀರು ದಿನವೂ ಬದಲಿಸಿ. ಗರಿ ಉಬ್ಬಿಸಿಕೊಂಡು ಕೂತ ಹಕ್ಕಿ ಕಂಡರೆ ಎರಡು ವಾರವಾದರೂ ಕಾಳು, ನೀರು ಎರಡೂ ನಿಲ್ಲಿಸಿ. ಮಿಕ್ಕ ಅನ್ನ ಹಾಕಬಹುದು, ಉಪ್ಪು, ಒಗ್ಗರಣೆ ಇಲ್ಲದ್ದು. ಚಿತ್ರಾನ್ನ, ಮಿಕ್ಸ್ಚರ್, ಉಪ್ಪಿನ ಕಡಲೆಕಾಯಿ ಬೇಡವೇ ಬೇಡ. ಮರಿಗಳ ಕಾಲದಲ್ಲಿ ಇಡೀ ಕಡಲೆಕಾಯಿ ಬೀಜ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ, ತಂತಿ ಬಲೆಯ ಫೀಡರ್ ಒಳಗಿಟ್ಟರೆ ಸರಿ. ಸೇಬಿನ ಮರಕ್ಕೆ ಹುಳು ಬಿದ್ದಿದೆ ಅಂತ ಅಳಿಯ ಔಷಧಿ ತಂದರೆ ತಡೆಯಿರಿ. ಆ ಹುಳುವೇ ಮರಿಗಳ ಅನ್ನ.

ಇನ್ನೊಂದು. ಜನವರಿ ಕೊನೆಯ ವಾರಾಂತ್ಯ ಇಲ್ಲಿ ಹಿತ್ತಲ ಹಕ್ಕಿ ಎಣಿಸುತ್ತಾರೆ, 1979ರಿಂದ. ಮೇಲಿನ ಗುಬ್ಬಚ್ಚಿ ಲೆಕ್ಕ ಬಂದದ್ದು ಅದರಿಂದಲೇ. ಅಷ್ಟರಲ್ಲಿ ನೀವು ಮೈಸೂರಿಗೆ ಹೋಗಿರುತ್ತೀರಿ. ಮೊಮ್ಮಗನಿಗೆ ಈಗಲೇ ಹೇಳಿಕೊಟ್ಟು ಹೋಗಿ. ಒಂದು ಗಂಟೆ ಕಿಟಕಿ ಹತ್ತಿರ ಕೂರಬೇಕು. ಬಂದ ಹಕ್ಕಿಯನ್ನೆಲ್ಲ ಕೂಡಿಸಬಾರದು. ಒಂದೇ ಸಲಕ್ಕೆ ಒಟ್ಟಿಗೆ ಎಷ್ಟು ಕಂಡವು, ಅದರಲ್ಲಿ ದೊಡ್ಡ ಸಂಖ್ಯೆ ಬರೆದುಕೊಳ್ಳಬೇಕು. ಗ್ರೀನ್‌ಫಿಂಚ್ ಬಂದರೆ ರೆಕ್ಕೆಯ ಅಂಚಿನಲ್ಲಿ ಹಳದಿ ಗೆರೆ ಕಾಣುತ್ತದೆ, ಹಾರುವಾಗ ಬಾಲದ ಪಕ್ಕದಲ್ಲೂ.